ಚೋರ್ಲಾ ಘಾಟಿಯಲ್ಲಿ ಎರಡು ಪೆಡಲ್ಲಿನ ಕಾರು

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಬೆಳಗಾವಿ ಸೀಮೆಯಲ್ಲಿ ಕಾರು ಓಡಿಸುವವರ ಎಡಗಾಲಿಗೆ ಬಿಡುವೇ ಇಲ್ಲ. ಎರಡೆರಡು ಟ್ರೇಲರ್ ಎಳೆದುಕೊಂಡು ಏರು ಹತ್ತುವ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡ ಕಾರು ಫಸ್ಟ್ ಗೇರಿನಲ್ಲಿ ಕಿರುಚುತ್ತದೆ, ಸೆಕೆಂಡ್‌ಗೆ ಹಾಕಿದರೆ ಮುಗ್ಗರಿಸುತ್ತದೆ. ಚಾಲಕ ಕ್ಲಚ್ಚನ್ನು ಅರ್ಧ ಒತ್ತಿ, ಅರ್ಧ ಬಿಟ್ಟು ಮಾರು ಮಾರಿಗೂ ಗಾಡಿಯನ್ನು ಮುಂದೆ ತಳ್ಳಬೇಕು. ಊರೊಳಗೆ ಬಂದರೂ ಕಥೆ ಬೇರೆಯಲ್ಲ. ರೈಲು ಹಳಿ ಬೆಳಗಾವಿಯನ್ನು ನಡುವೆ ಸೀಳಿಕೊಂಡು ಹೋಗಿರುವುದರಿಂದ ಟಿಳಕವಾಡಿ ಕಡೆ ರೈಲ್ವೆ ಗೇಟು, ಗೋಗಟೆ ಸರ್ಕಲ್‌ನಲ್ಲಿ ಮೇಲ್ಸೇತುವೆ, ಕಪಿಲೇಶ್ವರದ ಹತ್ತಿರ ಇನ್ನೊಂದು ಮೇಲ್ಸೇತುವೆ. ಖಡೇಬಜಾರ, ಗಣಪತ ಗಲ್ಲಿಗಳಲ್ಲಿ ಹಬ್ಬದ ವಾರ ಕಾರು ನಡೆಯುವವರಿಗಿಂತ ನಿಧಾನ.

ಇದೇ ಊರಿನಿಂದ ನೈರುತ್ಯಕ್ಕೆ ಹೊರಟರೆ ಒಂದೆರಡು ತಾಸಿನೊಳಗೆ ಸಹ್ಯಾದ್ರಿಯ ಅಂಚು. ಪಿರನವಾಡಿಯಲ್ಲಿ ರಸ್ತೆ ಕವಲೊಡೆಯುತ್ತದೆ. ಒಂದು, ರಾಷ್ಟ್ರೀಯ ಹೆದ್ದಾರಿ 748, ಖಾನಾಪುರ, ಲೋಂಡಾ ಹಾದು ಅನಮೋಡ ಘಾಟಿನಲ್ಲಿ ಗೋವಾದ ಮೊಲೆಂ ಕಡೆಗೆ ಇಳಿಯುತ್ತದೆ. ಇನ್ನೊಂದು ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನ ತಿರುವುಗಳಲ್ಲಿ ಸಾಂಖಳಿಯ ಕಡೆಗೆ. ಒಂದೇ ಕಾರು, ಒಂದೇ ದಿನ, ಬೆಳಿಗ್ಗೆ ಪೇಟೆಯ ಇಕ್ಕಟ್ಟು, ಮಧ್ಯಾಹ್ನ ಘಾಟಿನ ಇಳಿಜಾರು. ಆಟೋಮ್ಯಾಟಿಕ್ ಕಾರು ಒಳ್ಳೆಯದೋ, ಕೈಯಲ್ಲಿ ಗೇರು ಹಾಕುವ ಮ್ಯಾನ್ಯುವಲ್ ಒಳ್ಳೆಯದೋ ಎಂದು ಇಲ್ಲಿನವರು ಕೇಳುವಾಗ ಅದಕ್ಕೆ ಬೆಂಗಳೂರಿನಲ್ಲಿ ಕೊಡುವ ಉತ್ತರ ಪೂರ್ತಿ ಸಾಲುವುದಿಲ್ಲ. ಬೆಂಗಳೂರಿನ ಸಮಸ್ಯೆ ಸಿಗ್ನಲ್ಲಿನದು. ಬೆಳಗಾವಿ, ಖಾನಾಪುರದವರಿಗೆ ಸಿಗ್ನಲ್ಲೂ ಇದೆ, ಘಾಟೂ ಇದೆ.

ಮೊದಲು ಎಡಗಾಲಿನ ಕೆಲಸ ಏನೆಂದು ನೋಡೋಣ. ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ನಿಂತಲ್ಲಿಂದ ಜೋರು ಕೊಡಲಾರದು. ಕಾರು ನಿಂತಾಗಲೂ ಅದು ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತು ತಿರುಗುತ್ತಲೇ ಇರಬೇಕು, ಅದಕ್ಕಿಂತ ತೀರ ಕೆಳಗಿಳಿದರೆ ಬಂದ್ ಬೀಳುತ್ತದೆ. ಚಕ್ರ ನಿಂತಿದೆ, ಎಂಜಿನ್ ತಿರುಗುತ್ತಿದೆ. ಎರಡನ್ನೂ ಒಮ್ಮೆಲೇ ಜೋಡಿಸಿದರೆ ಒಂದೋ ಗಾಡಿ ಹಾರುತ್ತದೆ, ಇಲ್ಲವೇ ಎಂಜಿನ್ ನಿಲ್ಲುತ್ತದೆ. ನಡುವೆ ಇರುವ ಕ್ಲಚ್ ಪ್ಲೇಟು ತಿಕ್ಕುತ್ತ, ಜಾರುತ್ತ, ಮೆಲ್ಲಗೆ ಹಿಡಿತಕ್ಕೆ ಬರಬೇಕು. ಡ್ರೈವಿಂಗ್ ಸ್ಕೂಲಿನ ಗುರುಗಳು ದಿನವಿಡೀ ಹೇಳುವ ‘ಮೆಲ್ಲಕ ಬಿಡ್ರಿ, ಇನ್ನೂ ಮೆಲ್ಲಕ’ ಎಂಬ ಮಾತು ಈ ಒಂದು ತಟ್ಟೆಯ ಬಗ್ಗೆ.

ಇದರ ನಿಜವಾದ ಪರೀಕ್ಷೆ ಸಂಜೆ ಹೊತ್ತು ಮೇಲ್ಸೇತುವೆಯ ಏರಿನಲ್ಲಿ ಸಾಲು ನಿಂತಾಗ. ಹಿಂದಿನ ಆಟೋರಿಕ್ಷಾದವನು ಮುಂದಿನ ಗಾಲಿಯನ್ನು ಕಾರಿನ ಬಂಪರ್‌ಗೆ ಒಂದು ಗೇಣಿನಷ್ಟು ಹತ್ತಿರ ತಂದು ನಿಲ್ಲಿಸಿರುತ್ತಾನೆ. ಮುಂದಿನ ಗಾಡಿ ಸರಿಯಿತು. ಮ್ಯಾನ್ಯುವಲ್ ಕಾರಿನ ಹೊಸ ಚಾಲಕಿ ಹ್ಯಾಂಡ್‌ಬ್ರೇಕ್ ಎಳೆದು ಹಿಡಿದು, ಫಸ್ಟ್ ಗೇರು ಹಾಕಿ, ಎಕ್ಸಿಲರೇಟರ್ ತುಸು ಒತ್ತಿ, ಕ್ಲಚ್ ಮೇಲೇಳುತ್ತಿದ್ದಂತೆ ಕಾರಿನ ಮೂತಿ ಸಣ್ಣಗೆ ನಡುಗಿ ಮೇಲೇಳುವ ಆ ಕ್ಷಣಕ್ಕೆ ಕಾಯಬೇಕು. ಆಗ ಹ್ಯಾಂಡ್‌ಬ್ರೇಕ್ ಬಿಟ್ಟರೆ ಗಾಡಿ ಮುಂದೆ. ಅದಕ್ಕಿಂತ ಮೊದಲು ಬಿಟ್ಟರೆ ಹಿಂದೆ, ರಿಕ್ಷಾದ ಗಾಜಿನ ಮೇಲೆ. ಹತ್ತಾರು ವರ್ಷ ಓಡಿಸಿದವರಿಗೆ ಇದು ಉಸಿರಾಟದಷ್ಟು ಸಲೀಸು. ಆದರೆ ಕಲಿತು ಲೈಸೆನ್ಸ್ ಪಡೆದು, ಆಮೇಲೆ ಕಾರು ಮುಟ್ಟದೆ ಉಳಿದ ಎಷ್ಟೋ ಜನರನ್ನು ಕೇಳಿದರೆ, ಹೆದರಿಕೆ ಹುಟ್ಟಿದ್ದು ಇಂಥ ಏರಿನಲ್ಲೇ ಎಂದು ತಿಳಿಯುತ್ತದೆ.

ಆಟೋಮ್ಯಾಟಿಕ್ ಕಾರಿನಲ್ಲಿ ಆ ಪೆಡಲ್ಲೇ ಇಲ್ಲ. ಕಾಲಿನ ಕೆಳಗೆ ಎರಡೇ: ಬ್ರೇಕು, ಎಕ್ಸಿಲರೇಟರ್. ಅಮೆರಿಕದಲ್ಲಿ ಈ ಸೌಲಭ್ಯ ಹಳೆಯದು. ಜನರಲ್ ಮೋಟರ್ಸ್ ಕಂಪನಿ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ‘ಹೈಡ್ರಾ–ಮ್ಯಾಟಿಕ್’ ಎಂಬ ಗೇರ್‌ಬಾಕ್ಸ್ ಜೋಡಿಸಿ ಮಾರಿತು. ಭಾರತದಲ್ಲಿ ಅದು ದಶಕಗಳ ಕಾಲ ದುಬಾರಿ ಕಾರಿನವರ ಸೊತ್ತು. 1990ರ ದಶಕದಲ್ಲಿ ಮಾರುತಿ ಝೆನ್, 2000ರ ದಶಕದಲ್ಲಿ ಹೋಂಡಾ ಸಿಟಿ, ಹ್ಯುಂಡೈ ಐ10 ಆಟೋಮ್ಯಾಟಿಕ್ ರೂಪದಲ್ಲಿ ಬಂದವು. ಆದರೆ ಬೆಲೆ ಹೆಚ್ಚು, ಮೈಲೇಜ್ ಕಡಿಮೆ ಎಂಬ ಎರಡು ಕಾರಣಕ್ಕೆ ಮಧ್ಯಮ ವರ್ಗ ದೂರವೇ ಉಳಿಯಿತು.

ಬದಲಾವಣೆ ಬಂದದ್ದು 2014ರ ಫೆಬ್ರುವರಿಯಲ್ಲಿ. ಮಾರುತಿ ಸುಜುಕಿ ಸೆಲೆರಿಯೊ ಎಂಬ ಸಣ್ಣ ಕಾರನ್ನು ಎಎಂಟಿ ಗೇರ್‌ಬಾಕ್ಸಿನೊಂದಿಗೆ ಬಿಡುಗಡೆ ಮಾಡಿತು. ಬೆಲೆಯ ವ್ಯತ್ಯಾಸ ಸುಮಾರು 40 ಸಾವಿರ ರೂಪಾಯಿ ಮಾತ್ರ. ಇದರ ಗುಟ್ಟು ಸರಳ. ಒಳಗಿರುವುದು ಅದೇ ಹಳೆಯ ಮ್ಯಾನ್ಯುವಲ್ ಗೇರ್‌ಬಾಕ್ಸ್, ಅದೇ ಕ್ಲಚ್ ಪ್ಲೇಟು. ಚಾಲಕನ ಕಾಲು, ಕೈಗಳ ಬದಲು ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಒಂದು ಯಂತ್ರ ಕ್ಲಚ್ ಒತ್ತುತ್ತದೆ, ಗೇರು ಸರಿಸುತ್ತದೆ. ಯಾವಾಗ ಎಂದು ಕಂಪ್ಯೂಟರ್ ಹೇಳುತ್ತದೆ. ಸೆಲೆರಿಯೊಗೆ ಈ ಯಂತ್ರ ಒದಗಿಸಿದ್ದು ಇಟಲಿಯ ಮ್ಯಾಗ್ನೆಟಿ ಮರೆಲ್ಲಿ. ಕಾರ್ ರೇಸಿನ ಚರಿತ್ರೆ ಬಲ್ಲವರಿಗೆ ಈ ವಿದ್ಯೆಯ ಮೂಲ ಗೊತ್ತು: 1989ರ ಬ್ರೆಜಿಲ್ ಗ್ರ್ಯಾನ್ ಪ್ರಿಯಲ್ಲಿ ನೈಜೆಲ್ ಮ್ಯಾನ್ಸೆಲ್ ಗೆದ್ದದ್ದು ಫೆರಾರಿಯ ಅರೆ–ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಕಾರಿನಲ್ಲಿ, ಸ್ಟೀರಿಂಗ್ ಹಿಂದಿನ ಪಟ್ಟಿ ಬೆರಳಿನಿಂದ ಎಳೆದು ಗೇರು ಬದಲಿಸುತ್ತ. ಕಾಲು ಶತಮಾನದ ಬಳಿಕ ಅದೇ ವಿಚಾರ ಬೇರೆ ರೂಪದಲ್ಲಿ ಸಂಸಾರಸ್ಥರ ಕಾರಿಗೆ ಇಳಿಯಿತು. ಆಮೇಲೆ ಆಲ್ಟೊ, ವ್ಯಾಗನ್–ಆರ್, ಟಾಟಾ ನ್ಯಾನೊವರೆಗೂ ಎಎಂಟಿ ಬಂತು.

ಎಎಂಟಿಗೆ ಒಂದು ಸ್ವಭಾವವಿದೆ. ಗೇರು ಬದಲಾಗುವಾಗ ಒಂದು ಕ್ಷಣ ಎಳೆತ ನಿಂತು, ಕುಳಿತವರ ತಲೆ ಸಣ್ಣಗೆ ಮುಂದೆ ಬಾಗುತ್ತದೆ. ಅದು ಕೆಟ್ಟಿದೆ ಎಂದು ಷೋರೂಮಿಗೆ ಓಡುವ ಅಗತ್ಯವಿಲ್ಲ. ಗೇರು ಬೀಳುವ ಹೊತ್ತಿಗೆ ಎಕ್ಸಿಲರೇಟರ್ ಮೇಲಿನ ಪಾದ ತುಸು ಸಡಿಲಿಸಿದರೆ ಎಷ್ಟೋ ನಯವಾಗುತ್ತದೆ.

ಆಟೋಮ್ಯಾಟಿಕ್‌ನ ಉಳಿದ ಮೂರು ಬಗೆಗಳು ಬೇರೆ ದಾರಿ ಹಿಡಿಯುತ್ತವೆ. ಟಾರ್ಕ್ ಕನ್ವರ್ಟರ್‌ನಲ್ಲಿ ಕ್ಲಚ್ ಪ್ಲೇಟಿನ ಜಾಗದಲ್ಲಿ ಎಣ್ಣೆ ತುಂಬಿದ ಗೋಳವಿದೆ. ಎಂಜಿನ್ ಒಂದು ಕಡೆಯ ರೆಕ್ಕೆಗಳನ್ನು ತಿರುಗಿಸಿದರೆ ಎಣ್ಣೆಯ ರಭಸ ಇನ್ನೊಂದು ಕಡೆಯ ರೆಕ್ಕೆಗಳನ್ನು ತಿರುಗಿಸುತ್ತದೆ. ಇದು ಗಟ್ಟಿಮುಟ್ಟು, ನಯ, ಏರಿಗೆ ಹೇಳಿ ಮಾಡಿಸಿದ್ದು. ಸಿವಿಟಿಯಲ್ಲಿ ಹಲ್ಲಿನ ಗೇರುಗಳೇ ಇಲ್ಲ. ಎರಡು ರಾಟೆಗಳ ನಡುವೆ ಉಕ್ಕಿನ ಬೆಲ್ಟು, ರಾಟೆಗಳು ಅಗಲ, ಕಿರಿದು ಆಗುತ್ತ ಹೋದಂತೆ ವೇಗ ಬದಲಾಗುತ್ತದೆ. ಡಿಸಿಟಿಯಲ್ಲಿ ಎರಡು ಕ್ಲಚ್: ಬೆಸ ಸಂಖ್ಯೆಯ ಗೇರಿಗೆ ಒಂದು, ಸಮ ಸಂಖ್ಯೆಯದಕ್ಕೆ ಇನ್ನೊಂದು. ಹೆದ್ದಾರಿಯಲ್ಲಿ ಇದರ ಚುರುಕಿಗೆ ಸಾಟಿಯಿಲ್ಲ, ಆದರೆ ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ಚಿನ ಡಿಸಿಟಿ ಪೇಟೆಯಲ್ಲಿ ಇಂಚಿಂಚು ಸರಿಯುವಾಗ ಬಿಸಿಯೇರುವುದುಂಟು. ಪಂಪು, ವಾಲ್ವು, ಎಣ್ಣೆಯ ಒತ್ತಡ ಎಂಬ ಈ ಮಾತುಗಳು ಬೆಳಗಾವಿಯ ಉದ್ಯಮಬಾಗ, ಮಚ್ಛೆಯ ಕಾರ್ಮಿಕರಿಗೆ ಹೊಸವೇನಲ್ಲ. ವಾಹನಗಳ ಎರಕದ ಬಿಡಿಭಾಗ, ಹೈಡ್ರಾಲಿಕ್ ಸಾಮಾನು ಮಾಡಿ ದೇಶಕ್ಕೆಲ್ಲ ಕಳಿಸುವ ಊರಿದು.

ಗೇರಿಲ್ಲದ ಬಂಡಿಗೆ ಬೆಳಗಾವಿ ಒಗ್ಗಿಕೊಂಡದ್ದು ಕಾರಿನಿಂದ ಅಲ್ಲ, ಸ್ಕೂಟರಿನಿಂದ. ಬಜಾಜ್ ಸ್ಕೂಟರಿನ ಎಡಗೈ ಹಿಡಿಕೆ ತಿರುಗಿಸಿ ಗೇರು ಹಾಕುತ್ತಿದ್ದ ಕಾಲದಲ್ಲಿ, 1984ರಲ್ಲಿ, ಕೈನೆಟಿಕ್ ಹೋಂಡಾ ಬಂತು. ಅದರೊಳಗಿದ್ದದ್ದು ಸಿವಿಟಿಯೇ. ‘ಹೆಣ್ಮಕ್ಕಳ ಗಾಡಿ’ ಎಂದು ಅದನ್ನು ಸರಿಸಿಟ್ಟವರು ಬಹಳ. ಆಮೇಲೆ ಸ್ಕೂಟಿ, 2001ರಿಂದ ಹೋಂಡಾ ಆಕ್ಟಿವಾ. ಈಗ ಟಿಳಕವಾಡಿಯ ಕಾಲೇಜುಗಳ ಮುಂದೆ, ಕ್ಯಾಂಪ್ ಶಾಲೆಗಳ ಗೇಟಿನಲ್ಲಿ, ಭಾಜಿ ಮಾರ್ಕೆಟ್ಟಿನಲ್ಲಿ ನೋಡಿದರೆ ಹೆಂಗಸರು, ಗಂಡಸರು, ಅಜ್ಜಂದಿರು ಎಲ್ಲರ ಕೈಯಲ್ಲೂ ಗೇರಿಲ್ಲದ ಸ್ಕೂಟರೇ. ಅದನ್ನು ಹೆಂಗಸರ ಗಾಡಿ ಎನ್ನುವವರು ಇಲ್ಲವಾದರು. ಹದಿನೈದು ವರ್ಷ ಆಕ್ಟಿವಾ ಓಡಿಸಿ ಊರಿನ ಪ್ರತಿ ಗಲ್ಲಿ, ಪ್ರತಿ ಗುಂಡಿ ಬಲ್ಲ ಮಹಿಳೆಗೆ ರಸ್ತೆಯ ಜ್ಞಾನ ಯಾರೂ ಹೇಳಿಕೊಡಬೇಕಿಲ್ಲ. ಕಾರಿನ ಮುಂದೆ ಅವಳನ್ನು ತಡೆದು ನಿಲ್ಲಿಸಿದ್ದು ಬರಿ ಕ್ಲಚ್ಚು. ಅದನ್ನು ತೆಗೆದುಹಾಕಿದರೆ ಅವಳು ವಾರದೊಳಗೆ ಕಾರಿನವಳಾಗುತ್ತಾಳೆ.

ಮಂಡಿ ನೋವಿನವರ ಮಾತೂ ಹಾಗೆಯೇ. ಮಂಡಿ ಶಸ್ತ್ರಚಿಕಿತ್ಸೆ ಆದವರು, ಸೊಂಟದ ನೋವಿನವರು, ಎಡಗಾಲಿನಲ್ಲಿ ಬಲ ಕಡಿಮೆ ಇರುವವರು ಆಟೋಮ್ಯಾಟಿಕ್ ಬಂದ ಮೇಲೆ ಮತ್ತೆ ಸ್ಟೀರಿಂಗ್ ಹಿಡಿದಿದ್ದಾರೆ. ಎರಡೂ ಕಾಲು ಬಳಸಲಾಗದವರಿಗೆ ಬ್ರೇಕು, ಎಕ್ಸಿಲರೇಟರ್ ಎರಡನ್ನೂ ಕೈಯಿಂದಲೇ ನಡೆಸುವ ಸಲಕರಣೆ ಕೂರಿಸುವುದು ಕ್ಲಚ್ ಇಲ್ಲದ ಕಾರಿನಲ್ಲಿ ಬಹಳ ಸುಲಭ. ಮೋಟಾರು ವಾಹನ ಕಾಯ್ದೆಯಲ್ಲಿ ಇಂಥ ವಾಹನಕ್ಕೆ ಇದ್ದ ‘ರೋಗಿಯ ಗಾಡಿ’ ಎಂಬರ್ಥದ ಹಳೆಯ ಹೆಸರನ್ನೂ 2019ರ ತಿದ್ದುಪಡಿಯಲ್ಲಿ ಕೈಬಿಡಲಾಯಿತು. ಆಟೋಮ್ಯಾಟಿಕ್ ಎಂದರೆ ಸೋಮಾರಿಗಳಿಗೆ ಎಂದು ಹಗುರವಾಗಿ ಆಡುವವರು ಇಷ್ಟು ಜನರ ಓಡಾಟದ ಸ್ವಾತಂತ್ರ್ಯವನ್ನು ಲೆಕ್ಕಕ್ಕೇ ತಂದುಕೊಂಡಿರುವುದಿಲ್ಲ.

ಗೇರು ಹಾಕದವ ಡ್ರೈವರೇ ಅಲ್ಲ ಎಂಬ ಮಾತಿಗೂ ರಸ್ತೆಯ ಮೇಲೇ ಉತ್ತರವಿದೆ. ರಾತ್ರಿ ಬೆಂಗಳೂರಿನಿಂದ ಹೊರಟು ಬೆಳಗಿನ ಜಾವ ಊರು ತಲುಪಿಸುವ ವೋಲ್ವೊ ಮಲ್ಟಿ ಆಕ್ಸಲ್ ಬಸ್ಸುಗಳಲ್ಲಿ ಹಲವಕ್ಕೆ ಇರುವುದು 12 ಗೇರಿನ ಐ–ಶಿಫ್ಟ್. ಕ್ಲಚ್ ಪೆಡಲ್ ಇಲ್ಲ. ನಲವತ್ತಕ್ಕೂ ಹೆಚ್ಚು ಜೀವ ಹೊತ್ತ ಆ ಬಸ್ಸಿನ ಸಾರಥಿಯನ್ನು ಡ್ರೈವರಲ್ಲ ಎನ್ನುವವರು ಯಾರು? ಅವರನ್ನು ಗಮನಿಸಿ ನೋಡಿದವರಿಗೆ ಇನ್ನೊಂದು ಸಂಗತಿ ಕಾಣುತ್ತದೆ. ಇಳಿಜಾರು ಬಂದಾಗ ಅವರ ಕೈ ಸ್ಟೀರಿಂಗ್ ಪಕ್ಕದ ಒಂದು ಸಣ್ಣ ಹಿಡಿಕೆಗೆ ಹೋಗುತ್ತದೆ. ಕಾಲಿನ ಬ್ರೇಕಿಗೆ ಮೊದಲು, ಬಸ್ಸನ್ನು ಎಂಜಿನ್ ಮತ್ತು ರಿಟಾರ್ಡರ್ ಬಲದಿಂದ ತಡೆದು ಹಿಡಿಯುವ ಹಿಡಿಕೆ ಅದು. ಗೇರು ಯಂತ್ರವೇ ಹಾಕಿಕೊಂಡರೂ ಇಳಿಜಾರಿನ ಜವಾಬ್ದಾರಿ ತನ್ನದೆಂದು ಆ ಚಾಲಕನಿಗೆ ತರಬೇತಿಯಲ್ಲೇ ಹೇಳಿಕೊಟ್ಟಿರುತ್ತಾರೆ. ಕಾರು ಕೊಂಡವರಿಗೆ ಇದನ್ನು ಹೇಳುವವರು ಕಡಿಮೆ.

ಚೋರ್ಲಾ ಘಾಟಿನಲ್ಲಿ ಆ ತಿಳಿವಳಿಕೆಯ ಕೊರತೆ ಮೂಗಿಗೇ ಬಡಿಯುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿ ದಾಟಿ ಕಾಡಿನ ಹಾದಿ ಹಿಡಿದ ಮೇಲೆ ಗಡಿಯಾಚೆ ರಸ್ತೆ ಕೆಳಗೆ ಕೆಳಗೆ ಸುತ್ತುತ್ತದೆ. ವಾರಾಂತ್ಯದಲ್ಲಿ ಗೋವಾಕ್ಕೆ ಹೊರಟ ಕಾರುಗಳ ಸಾಲಿನಲ್ಲಿ ಕೆಂಪು ದೀಪ ಆರದೇ ಉರಿಯುವ ಕಾರೊಂದು ಇದ್ದೇ ಇರುತ್ತದೆ. ಅದರ ಹಿಂದೆ ಹೋದರೆ ಬ್ರೇಕ್ ಲೈನರ್ ಸುಟ್ಟ ವಾಸನೆ. ಘಾಟಿನ ಬುಡದಲ್ಲಿ ಅಂಥ ಕಾರಿನ ಮುಂದಿನ ಗಾಲಿಗಳಿಂದ ತೆಳ್ಳಗೆ ಹೊಗೆ ಏಳುವುದೂ ಉಂಟು.

ಲೆಕ್ಕ ಹಾಕಿ ನೋಡಿದರೆ ಆಶ್ಚರ್ಯವಿಲ್ಲ. ಜನ, ಸಾಮಾನು ಸೇರಿ 1,300 ಕಿಲೋ ತೂಗುವ ಕಾರು 600 ಮೀಟರ್ ಎತ್ತರ ಇಳಿದರೆ ಸುಮಾರು 76 ಲಕ್ಷ ಜೌಲ್ ಶಕ್ತಿ ಎಲ್ಲಾದರೂ ಖರ್ಚಾಗಲೇಬೇಕು. ಅಷ್ಟು ಶಾಖದಲ್ಲಿ ಎರಡು ಕೊಡ ನೀರು ಕುದಿಯುತ್ತದೆ. ಅದರ ಬಹುಪಾಲನ್ನು ನಾಲ್ಕು ಗಾಲಿಗಳ ಬ್ರೇಕೇ ನುಂಗಬೇಕು ಎಂದರೆ ಅವು ಕಾದು, ಹಿಡಿತ ಸಡಿಲಿಸುತ್ತವೆ. ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಬ್ರೇಕ್ ಎಣ್ಣೆ ಹಳೆಯದಾಗಿ ನೀರಿನಂಶ ಹೀರಿದ್ದರೆ ಅದೇ ಕುದಿದು ಪೆಡಲ್ ಮೆತ್ತಗಾಗುತ್ತದೆ.

ಇದಕ್ಕೆ ಮದ್ದು ಎಂಜಿನ್ ಬ್ರೇಕಿಂಗ್. ಕೆಳಗಿನ ಗೇರು ಹಾಕಿ ಎಕ್ಸಿಲರೇಟರ್ ಬಿಟ್ಟರೆ ಚಕ್ರಗಳೇ ಎಂಜಿನ್ ತಿರುಗಿಸಬೇಕಾಗಿ ಗಾಡಿ ತಾನಾಗಿ ಹಿಡಿದುಕೊಂಡು ಇಳಿಯುತ್ತದೆ. ಏರುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು ಎಂಬುದು ಲಾರಿ ಚಾಲಕರು ಹಿಂದಿನಿಂದ ಪಾಲಿಸಿಕೊಂಡು ಬಂದ ಪಾಠ. ಮ್ಯಾನ್ಯುವಲ್ ಕಾರಿನವರು ಅದನ್ನು ರೂಢಿಯಿಂದ ಮಾಡುತ್ತಾರೆ. ಸೆಕೆಂಡ್ ಹಾಕಿ ಬಿಟ್ಟರೆ ಸಾಕು. ಆಟೋಮ್ಯಾಟಿಕ್ ಕಾರನ್ನು ‘ಡಿ’ (ಡ್ರೈವ್) ಸ್ಥಾನದಲ್ಲೇ ಬಿಟ್ಟರೆ, ಕಾಲು ತೆಗೆದದ್ದನ್ನು ಕಂಡು ಅದು ಪೆಟ್ರೋಲ್ ಉಳಿಸಲೆಂದು ಮೇಲಿನ ಗೇರಿಗೆ ಹೋಗಿಬಿಡಬಹುದು. ಇಳಿಜಾರು ಗುರುತಿಸಿ ಗೇರು ತಗ್ಗಿಸುವ ಜಾಣ್ಮೆ ಹೊಸ ಕಾರುಗಳಲ್ಲಿ ಕೆಲವಕ್ಕೆ ಇದೆ, ಎಲ್ಲಕ್ಕೂ ಇಲ್ಲ. ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಬಹುತೇಕ ಎಲ್ಲ ಆಟೋಮ್ಯಾಟಿಕ್ ಕಾರಿನ ಗೇರು ದಂಡದ ಪಕ್ಕ ‘ಡಿ’ಯ ಆಚೆ ‘ಎಂ’, ‘ಎಸ್’, ‘ಎಲ್’ ಅಥವಾ ‘2’ ಎಂದು ಏನಾದರೊಂದು ಬರೆದಿರುತ್ತದೆ. ಎಎಂಟಿಯಲ್ಲಿ ‘ಎಂ’ಗೆ ಸರಿಸಿ ಮೈನಸ್ ಗುರುತಿನ ಕಡೆ ತಟ್ಟಿದರೆ ಸೆಕೆಂಡ್ ಗೇರು ಬೀಳುತ್ತದೆ, ನಾವು ಬಿಡುವ ತನಕ ಬಹುಮಟ್ಟಿಗೆ ಅಲ್ಲೇ ನಿಲ್ಲುತ್ತದೆ. ಸಿವಿಟಿಯಲ್ಲಿ ‘ಎಲ್’ ಅಥವಾ ‘ಎಸ್’ ಇದೇ ಕೆಲಸ ಮಾಡುತ್ತದೆ. ಕಾರು ಕೊಂಡು ಮೂರು ವರ್ಷವಾದರೂ ಆ ಅಕ್ಷರವನ್ನು ಒಮ್ಮೆಯೂ ಮುಟ್ಟದವರು ನಮ್ಮ ನಡುವೆ ಬೇಕಾದಷ್ಟು. ಅವರಿಗೆ ಇದೊಂದು ಮಾತು ತಲುಪಿದರೂ ಈ ಬರಹದ ಕೆಲಸ ಆಯಿತು. ಇಳಿಯುವಾಗ ಪೆಟ್ರೋಲ್ ಉಳಿತಾಯಕ್ಕೆಂದು ನ್ಯೂಟ್ರಲ್‌ಗೆ ಹಾಕುವುದಂತೂ ಎರಡೂ ಬಗೆಯ ಕಾರಿನಲ್ಲಿ ಜೀವಕ್ಕೆ ಎರವು. ಇಂದಿನ ಎಂಜಿನ್ ಗೇರಿನಲ್ಲಿ ಇಳಿಯುವಾಗ ಇಂಧನವನ್ನು ತಾನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲೇ ಅದಕ್ಕೆ ಪೆಟ್ರೋಲ್ ಬೇಕು.

ಹತ್ತುವಾಗಿನ ಎಚ್ಚರ ಬೇರೆ. ಗೋವಾದಿಂದ ಮರಳುವಾಗ ತರಕಾರಿ ಇಳಿಸಿ ಬರುವ ಟೆಂಪೊ, ಲಾರಿಗಳ ಹಿಂದೆ ಏರಿನಲ್ಲಿ ನಿಲ್ಲಬೇಕಾಗುತ್ತದೆ. ಆಟೋಮ್ಯಾಟಿಕ್ ಹೇಗೂ ಹಿಂದೆ ಸರಿಯುವುದಿಲ್ಲ ಎಂದು ನಂಬಿ ಎಕ್ಸಿಲರೇಟರ್ ತುಸುವೇ ಒತ್ತಿ ಗಾಡಿಯನ್ನು ತೂಗಾಡಿಸುತ್ತ ನಿಲ್ಲಿಸುವ ಅಭ್ಯಾಸ ಕೆಲವರಿಗೆ. ಟಾರ್ಕ್ ಕನ್ವರ್ಟರ್ ಇದ್ದರೆ ಎಣ್ಣೆ ಕಾಯುತ್ತದೆ. ಎಎಂಟಿ, ಒಣ ಡಿಸಿಟಿಗಳಲ್ಲಿ ನೇರ ಕ್ಲಚ್ ಪ್ಲೇಟೇ ಸುಡುತ್ತದೆ. ಒಳಗಿರುವುದು ಅದೇ ಪ್ಲೇಟು ಎಂಬುದು ಮರೆಯಬಾರದು. ನಿಂತಾಗ ಬ್ರೇಕು, ಹೆಚ್ಚು ಹೊತ್ತಾದರೆ ಹ್ಯಾಂಡ್‌ಬ್ರೇಕು. ಹಿಲ್ ಹೋಲ್ಡ್ ಇರುವ ಕಾರು ಬ್ರೇಕಿನಿಂದ ಕಾಲು ತೆಗೆದ ಮೇಲೂ ಒಂದೆರಡು ಸೆಕೆಂಡು ಹಿಡಿದುಕೊಳ್ಳುತ್ತದೆ. ಅದು ಇಲ್ಲದ ಹಳೆಯ ಎಎಂಟಿಗಳು ಕಡಿದಾದ ಏರಿನಲ್ಲಿ ಮೊಳದಷ್ಟು ಹಿಂದೆ ಬರುತ್ತವೆ, ಅಲ್ಲಿ ಮತ್ತೆ ಹಳೆಯ ಹ್ಯಾಂಡ್‌ಬ್ರೇಕ್ ವಿದ್ಯೆಯೇ ಗತಿ. ಇನ್ನೊಂದು, ಇಕ್ಕಟ್ಟಾದ ಘಾಟ್ ರಸ್ತೆಯಲ್ಲಿ ಇಳಿಯುವ ವಾಹನ ಏರುವ ವಾಹನಕ್ಕೆ ದಾರಿ ಬಿಡಬೇಕೆಂಬುದು ಸೌಜನ್ಯವಷ್ಟೇ ಅಲ್ಲ, ನಿಯಮ. ಏರಿನಲ್ಲಿ ನಿಂತು ಮತ್ತೆ ಹೊರಡುವ ಕಷ್ಟ ಅರಿತೇ ಮಾಡಿದ ನಿಯಮ ಅದು.

ಕುತೂಹಲದ ಸಂಗತಿಯೆಂದರೆ ಇದೆಲ್ಲ ನಮ್ಮ ಲೈಸೆನ್ಸ್ ಪರೀಕ್ಷೆಯಲ್ಲಿ ಕಾಗದದ ಮೇಲೆ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮ, ಇಳಿಜಾರಿನಲ್ಲಿ ಬೇಗ ಕೆಳಗಿನ ಗೇರಿಗೆ ಬದಲಿಸುವುದು, ಕಡಿದಾದ ಏರಿನಲ್ಲಿ ನಿಲ್ಲಿಸಿ ಹಿಂದೆ ಸರಿಯದಂತೆ ಮತ್ತೆ ಹೊರಡುವುದು ಎಂಬ ಎರಡನ್ನೂ ಚಾಲಕನ ಸಾಮರ್ಥ್ಯದ ಪಟ್ಟಿಯಲ್ಲಿ ಹೆಸರಿಸುತ್ತದೆ. ಬ್ರಿಟನ್ನಿನಲ್ಲಿ ಆಟೋಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಪಾಸಾದವರು ಮ್ಯಾನ್ಯುವಲ್ ಓಡಿಸುವಂತಿಲ್ಲ. ಭಾರತದ ಕಾನೂನು ಗೇರಿರುವ, ಗೇರಿಲ್ಲದ ಎಂಬ ಭೇದವನ್ನು ದ್ವಿಚಕ್ರಕ್ಕೆ ಮಾತ್ರ ಮಾಡಿದೆ. ಲಘು ಮೋಟಾರು ವಾಹನದ ಲೈಸೆನ್ಸ್ ಒಂದೇ, ಕಾರು ಯಾವುದಾದರೂ ಸರಿ. ಅಂದರೆ ಆಟೋಮ್ಯಾಟಿಕ್ ಬಿಟ್ಟು ಬೇರೆ ಮುಟ್ಟದವರಿಗೂ ನಾಳೆ ನಂದಗಡದ ಮದುವೆಮನೆಯಿಂದ ಮಾವನ ಹಳೆಯ ಮ್ಯಾನ್ಯುವಲ್ ಜೀಪು ಓಡಿಸಲು ಕಾನೂನು ಅಡ್ಡ ಬರುವುದಿಲ್ಲ. ಆದ್ದರಿಂದ ಡ್ರೈವಿಂಗ್ ಸ್ಕೂಲುಗಳು ಈಗಲೂ ಮ್ಯಾನ್ಯುವಲ್ ಕಾರಿನಲ್ಲೇ ಕಲಿಸುವುದರಲ್ಲಿ ಅರ್ಥವಿದೆ. ಹಳ್ಳಿಯಲ್ಲಿ ರಾತ್ರಿ ಯಾರಿಗಾದರೂ ಎದೆ ನೋವು ಬಂದರೆ ಅಂಗಳದಲ್ಲಿ ನಿಂತಿರುವ ಗಾಡಿ ಯಾವುದೋ ಅದನ್ನೇ ಓಡಿಸಿಕೊಂಡು ಆಸ್ಪತ್ರೆಗೆ ಹೋಗಬೇಕು.

ಮ್ಯಾನ್ಯುವಲ್ ಬಲ್ಲವರು ಆಟೋಮ್ಯಾಟಿಕ್‌ಗೆ ಬಂದಾಗ ಬೇರೆ ತೊಡಕು. ಸ್ಪೀಡ್ ಬ್ರೇಕರ್ ಕಂಡೊಡನೆ ಎಡಗಾಲು ತಾನಾಗಿ ಕ್ಲಚ್ ಹುಡುಕುತ್ತದೆ, ಅಲ್ಲಿ ಸಿಗುವುದು ಅಗಲವಾದ ಬ್ರೇಕ್ ಪೆಡಲ್ಲು. ಕ್ಲಚ್ಚಿನಂತೆ ತಳಮಟ್ಟ ಒತ್ತಿದರೆ ಕಾರು ಗಕ್ಕನೆ ನಿಂತು ಹಿಂದಿನವನು ಬಂದು ಗುದ್ದುತ್ತಾನೆ. ಎಡಗಾಲನ್ನು ಪಕ್ಕದ ಕಾಲುಮಣೆಯ ಮೇಲಿಟ್ಟು ಮರೆತುಬಿಡಬೇಕು, ಎರಡೂ ಪೆಡಲಿಗೆ ಬಲಗಾಲು ಒಂದೇ. ಇನ್ನೊಂದು ಅಪಾಯ ನಿಲ್ಲಿಸುವಾಗಿನದು. ‘ಡಿ’ಯಲ್ಲಿರುವ ಕಾರು ಬ್ರೇಕ್ ಬಿಟ್ಟರೆ ತಾನಾಗಿ ತೆವಳುತ್ತದೆ. ಗೇಟು ತೆಗೆಯಲೆಂದು ಎಂಜಿನ್ ಚಾಲೂ ಇಟ್ಟು ಇಳಿಯುವ ನಮ್ಮ ರೂಢಿ ಇಲ್ಲಿ ನಡೆಯದು. ಇಳಿಜಾರಿನಲ್ಲಿ ನಿಲ್ಲಿಸುವಾಗ ಮೊದಲು ಹ್ಯಾಂಡ್‌ಬ್ರೇಕ್ ಎಳೆದು ಆಮೇಲೆ ‘ಪಿ’ (ಪಾರ್ಕ್) ಸ್ಥಾನಕ್ಕೆ ಹಾಕಬೇಕು, ಇಲ್ಲವಾದರೆ ಕಾರಿನ ಭಾರವೆಲ್ಲ ಗೇರ್‌ಬಾಕ್ಸಿನೊಳಗಿನ ಒಂದು ಸಣ್ಣ ಕೊಂಡಿಯ ಮೇಲೆ ಬೀಳುತ್ತದೆ. ಬಹುಪಾಲು ಎಎಂಟಿ ಕಾರುಗಳಲ್ಲಿ ‘ಪಿ’ಯೇ ಇರುವುದಿಲ್ಲ. ಅಲ್ಲಿ ಮ್ಯಾನ್ಯುವಲ್‌ನಂತೆ ಗೇರಿನಲ್ಲೇ ಬಿಟ್ಟು ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಬೇಕು.

ಖಾನಾಪುರ ತಾಲ್ಲೂಕಿನ ಮಳೆಗಾಲಕ್ಕೆ ಬೇರೆಯೇ ತೂಕವಿದೆ. ಭೀಮಗಡ ಅಭಯಾರಣ್ಯದ ಸುತ್ತಲಿನ ಹಳ್ಳಿಗಳಿಗೆ ಹೋಗುವ ದಾರಿಯಲ್ಲಿ ಹಳ್ಳ ತುಂಬಿ ತಗ್ಗು ಸೇತುವೆಯ ಮೇಲೆ ನೀರು ಹರಿಯುವುದು ವರ್ಷ ವರ್ಷದ ಮಾತು. ನೀರಿನ ಆಳ ತಿಳಿಯದಿದ್ದರೆ ಯಾವ ಕಾರೂ ಇಳಿಯಬಾರದು. ಪಾದ ಮುಳುಗುವಷ್ಟು ನೀರನ್ನು ದಾಟಲೇಬೇಕಾದರೆ ಆಟೋಮ್ಯಾಟಿಕ್‌ನಲ್ಲೂ ‘ಎಂ’ ಅಥವಾ ‘ಎಲ್’ಗೆ ಹಾಕಿ, ನಡುವೆ ಗೇರು ಬದಲಾಗದಂತೆ, ಒಂದೇ ಹದದಲ್ಲಿ ಹೋಗಬೇಕು. ಈ ಕಾಡು ರಸ್ತೆಗಳಲ್ಲಿ ಮ್ಯಾನ್ಯುವಲ್ ಕಾರಿಗೆ ಇರುವ ಒಂದು ದೊಡ್ಡ ಅನುಕೂಲ ಒಪ್ಪಲೇಬೇಕು. ಬ್ಯಾಟರಿ ಇಳಿದರೆ ನಾಲ್ಕು ಜನ ಸೇರಿ ತಳ್ಳಿ, ಸೆಕೆಂಡ್ ಗೇರು ಹಾಕಿ, ಕ್ಲಚ್ ಬಿಟ್ಟು ಚಾಲೂ ಮಾಡಬಹುದು. ಆಟೋಮ್ಯಾಟಿಕ್ ಕಾರನ್ನು ತಳ್ಳಿ ಚಾಲೂ ಮಾಡಲಾಗದು. ಕೆಟ್ಟರೆ ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ದೂರಕ್ಕೆ ಎಳೆಸುವಂತೆಯೂ ಇಲ್ಲ. ಟಾರ್ಕ್ ಕನ್ವರ್ಟರ್, ಸಿವಿಟಿಗಳಲ್ಲಿ ಎಂಜಿನ್ ತಿರುಗದೆ ಎಣ್ಣೆ ಹರಿಯುವುದಿಲ್ಲ, ಒಣಗಿದ ಗೇರ್‌ಬಾಕ್ಸ್ ತಿರುಗಿ ತಿರುಗಿ ಹಾಳಾಗುತ್ತದೆ. ಎಳೆತದ ಗಾಲಿಗಳನ್ನು ಎತ್ತಿ ಅಥವಾ ಇಡೀ ಕಾರನ್ನು ಲಾರಿಯ ಮೇಲೆ ಹೇರಿಯೇ ತರಬೇಕು. ಅದಕ್ಕೇ ಜಾಂಬೋಟಿಯ ಆಚೆ ಹೋಗುವವರು ಬ್ಯಾಟರಿ ಹಳೆಯದಾಗುವ ಮೊದಲೇ ಬದಲಿಸುವುದು, ಜಂಪ್ ಕೇಬಲ್ ಒಂದು ಡಿಕ್ಕಿಯಲ್ಲಿಡುವುದು ಒಳ್ಳೆಯದು.

ದುಡ್ಡಿನ ಲೆಕ್ಕ ಈಗ ಮೊದಲಿನಂತಿಲ್ಲ. ಸಣ್ಣ ಕಾರುಗಳಲ್ಲಿ ಎಎಂಟಿಗೆ ಅರ್ಧ ಲಕ್ಷದ ಆಚೀಚೆ ಹೆಚ್ಚು. ಸಿವಿಟಿ, ಟಾರ್ಕ್ ಕನ್ವರ್ಟರ್‌ಗಳಿಗೆ ಸಾಮಾನ್ಯವಾಗಿ ಒಂದು ಲಕ್ಷ ಮತ್ತು ಮೇಲೆ. ಮೈಲೇಜಿನಲ್ಲಿ ಎಎಂಟಿ ಮ್ಯಾನ್ಯುವಲ್ಲನ್ನು ಹಿಂದೆ ಹಾಕಿದ್ದೂ ಇದೆ: 2024ರ ಹೊಸ ಸ್ವಿಫ್ಟ್‌ಗೆ ಕಂಪನಿ ಕೊಟ್ಟ ಅಂಕಿ ಮ್ಯಾನ್ಯುವಲ್‌ನಲ್ಲಿ ಲೀಟರಿಗೆ 24.80 ಕಿ.ಮೀ., ಎಎಂಟಿಯಲ್ಲಿ 25.75. ರಸ್ತೆಯಲ್ಲಿ ಸಿಗುವುದು ಎರಡರಲ್ಲೂ ಅದಕ್ಕಿಂತ ಕಡಿಮೆ, ಆದರೆ ಆಟೋಮ್ಯಾಟಿಕ್ ಎಂದರೆ ಪೆಟ್ರೋಲ್ ಕುಡಿಯುವ ಗಾಡಿ ಎಂಬ ಹಳೆಯ ಮಾತು ಎಎಂಟಿಗೆ ಹೊಂದುವುದಿಲ್ಲ. ರಿಪೇರಿಯಲ್ಲಿ ಮಾತ್ರ ಮ್ಯಾನ್ಯುವಲ್ ಈಗಲೂ ಮುಂದು. ಖಾನಾಪುರದ ಗ್ಯಾರೇಜಿನಲ್ಲೇ ಕ್ಲಚ್ ಪ್ಲೇಟು ಬದಲಿಸಿಕೊಂಡು ಸಂಜೆಗೆ ಮನೆಗೆ ಬರಬಹುದು. ಎಎಂಟಿಯ ಯಂತ್ರವೋ ಡಿಸಿಟಿಯೋ ಕೈಕೊಟ್ಟರೆ ಕಂಪನಿಯ ಕಂಪ್ಯೂಟರ್ ಬೇಕು, ಬೆಳಗಾವಿಗೆ ಹೋಗಬೇಕು. ವರ್ಷವಿಡೀ ಊರೊಳಗೆ ಓಡಾಡಿ ಒಮ್ಮೊಮ್ಮೆ ಗೋವಾಕ್ಕೆ ಹೋಗುವ ಕುಟುಂಬಕ್ಕೆ ಆಟೋಮ್ಯಾಟಿಕ್ಕೇ ಸರಿ. ಕಾಡಂಚಿನ ಹಳ್ಳಿಯಲ್ಲಿದ್ದು, ಕೆಸರು, ಕಲ್ಲು ದಾರಿಯಲ್ಲಿ ಹಾಲಿನ ಕ್ಯಾನು, ಗೊಬ್ಬರ ಹೇರಿಕೊಂಡು ಓಡಾಡುವವರಿಗೆ ಮ್ಯಾನ್ಯುವಲ್ ಇನ್ನೂ ಹಲವು ವರ್ಷ ಒಳ್ಳೆಯ ಸಂಗಾತಿ.

ಎಲೆಕ್ಟ್ರಿಕ್ ಕಾರು ಬಂದ ಮೇಲೆ ಈ ಚರ್ಚೆಯ ರೂಪವೇ ಬದಲಾಗುತ್ತಿದೆ. 2020ರಲ್ಲಿ ಟಾಟಾ ನೆಕ್ಸಾನ್ ಇವಿ, 2022ರಲ್ಲಿ ಟಿಯಾಗೊ ಇವಿ ಬಂದವು. ಮೋಟರು ನಿಂತಲ್ಲಿಂದಲೇ ಪೂರ್ತಿ ಜೋರು ಕೊಡುವುದರಿಂದ ಅವುಗಳಿಗೆ ಕ್ಲಚ್ಚೂ ಬೇಡ, ಬದಲಿಸುವ ಗೇರೂ ಬೇಡ. ಇಳಿಜಾರಿನಲ್ಲಿ ಅದೇ ಮೋಟರು ಡೈನಮೊ ಆಗಿ ಗಾಡಿಯನ್ನು ತಡೆಯುತ್ತ ಬ್ಯಾಟರಿಗೆ ವಿದ್ಯುತ್ ತುಂಬುತ್ತದೆ. 1,600 ಕಿಲೋ ಕಾರು ಚೋರ್ಲಾದಲ್ಲಿ 600 ಮೀಟರ್ ಇಳಿದರೆ ಸುಮಾರು ಎರಡೂವರೆ ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಗಾಳಿಗೆ, ಟಯರಿಗೆ ಹೋಗಿ ಉಳಿದದ್ದರಲ್ಲಿ ಒಂದು ಪಾಲು ಮರಳಿ ಬ್ಯಾಟರಿ ಸೇರುತ್ತದೆ. ಈ ತಡೆಯನ್ನು ಹೆಚ್ಚು ಕಡಿಮೆ ಮಾಡುವ ಹಂತಗಳು ಹಲವು ಕಾರುಗಳಲ್ಲಿವೆ, ಘಾಟಿಗೆ ಇಳಿಯುವ ಮೊದಲು ಹೆಚ್ಚಿನ ಹಂತಕ್ಕೆ ಹಾಕಿಕೊಳ್ಳಬೇಕು. ಒಂದು ಸಂಗತಿ ಮಾತ್ರ ನೆನಪಿರಲಿ. ಬ್ಯಾಟರಿ ಪೂರ್ತಿ ತುಂಬಿದ್ದರೆ ಹೊಸ ವಿದ್ಯುತ್ತಿಗೆ ಅದರಲ್ಲಿ ಜಾಗವಿರುವುದಿಲ್ಲ, ಆಗ ಮೋಟರಿನ ತಡೆ ಕಡಿಮೆಯಾಗಿ ಭಾರವೆಲ್ಲ ಮತ್ತೆ ಸಾದಾ ಬ್ರೇಕಿನ ಮೇಲೆ ಬೀಳುತ್ತದೆ. ಕಣಕುಂಬಿ ಆಸುಪಾಸಿನ ತಂಗುಮನೆಗಳಲ್ಲಿ ರಾತ್ರಿ ಕಾರಿಗೆ ಚಾರ್ಜ್ ಹಾಕಿ ಬೆಳಿಗ್ಗೆ ನೇರ ಘಾಟಿಗೆ ಇಳಿಯುವವರು ಶೇ 85ರಷ್ಟಕ್ಕೆ ಪ್ಲಗ್ ಕಿತ್ತರೆ ಸಾಕು.